ಮರಳಿ ಹೋಗುವ ಹಕ್ಕಿಗಳಿಗೆ 8×42 ಬೈನಾಕ್ಯುಲರ್: ಹಲವು ವರ್ಷ ಬಳಸಿದ ಮೇಲೆ

ಬೈನಾಕ್ಯುಲರ್ ಬಗ್ಗೆ ಬರೆಯುವವರಲ್ಲಿ ಹೆಚ್ಚಿನವರು ಡಬ್ಬಿ ಬಿಚ್ಚಿದ ವಾರದಲ್ಲೇ ಬರೆದುಬಿಡುತ್ತಾರೆ. ಹೊಸದರಲ್ಲಿ ಎಲ್ಲವೂ ಚೆನ್ನಾಗಿಯೇ ಕಾಣುತ್ತವೆ. ನನ್ನದು ಹಳೆಯದಾಗಿದೆ, ಹೆಬ್ಬೆರಳು ಕೂರುವ ಜಾಗದಲ್ಲಿ ರಬ್ಬರ್ ಸವೆದು ನುಣುಪಾಗಿದೆ. ಚೀನಾದಲ್ಲಿ ತಯಾರಾದ ಮಧ್ಯಮ ದರ್ಜೆಯ 8×42 (ಎಂಟು ಪಟ್ಟು ದೊಡ್ಡದಾಗಿ ತೋರಿಸುವ, ಮುಂದಿನ ಲೆನ್ಸು 42 ಮಿಲಿಮೀಟರ್ ಅಗಲದ್ದು), ಕೊಂಡಾಗ 18,000 ರೂಪಾಯಿ ಚಿಲ್ಲರೆ. ಕಂಪನಿ ಹೆಸರು ಹಾಕುತ್ತಿಲ್ಲ. ಈ ಬೆಲೆಗೆ ಸಿಗುವ ನಾಲ್ಕೈದು ಮಾಡೆಲ್‌ಗಳ ಹೂರಣ ಹೆಚ್ಚುಕಡಿಮೆ ಒಂದೇ, ಹಾಗಾಗಿ ಹೇಳುವುದೆಲ್ಲ ಅವಕ್ಕೂ ಸಲ್ಲುತ್ತದೆ.

ನಾನು ಇದನ್ನು ಒರೆಗೆ ಹಚ್ಚುವುದು ಶಿವರಾತ್ರಿಯಿಂದ ಏಪ್ರಿಲ್ ಕೊನೆಯವರೆಗಿನ ಹೊತ್ತಿನಲ್ಲಿ. ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೊರಟುಹೋಗುತ್ತದೆ ಅನ್ನುತ್ತಾರಲ್ಲ, ಅದರ ಬೆನ್ನಿಗೇ ವಲಸೆ ಹಕ್ಕಿಗಳೂ ಗಂಟುಮೂಟೆ ಕಟ್ಟುತ್ತವೆ. ನವೆಂಬರ್‌ನಲ್ಲಿ ಬಂದ ಬಾತು ತಿಂಗಳುಗಟ್ಟಲೆ ಅದೇ ಕೆರೆಯಲ್ಲಿರುತ್ತದೆ. ಈ ಭಾನುವಾರ ಸರಿಯಾಗಿ ಕಾಣದಿದ್ದರೆ ಮುಂದಿನ ಭಾನುವಾರ ಇದ್ದೇ ಇದೆ. ಮಾರ್ಚ್ ಬಂತೆಂದರೆ ಆ ನೆಮ್ಮದಿ ಇಲ್ಲ. ದಕ್ಷಿಣದಿಂದ ಹೊರಟ ಪುಟ್ಟ ಹಕ್ಕಿ ದಾರಿಯಲ್ಲಿ ಯಾವುದೋ ಮರಕ್ಕಿಳಿದು, ಹುಳುಹುಪ್ಪಟೆ ತಿಂದು, ಆ ರಾತ್ರಿಯೇ ಎದ್ದು ಹೋಗಬಹುದು. ಅಪರೂಪದ್ದು ಕಣ್ಣಿಗೆ ಬೀಳುವುದೂ ಈ ಗಡಿಬಿಡಿಯಲ್ಲೇ, ಅದೂ ಕೆಲವೇ ಸೆಕೆಂಡ್.

ಅಂಗಡಿಯವರು ಮೊದಲು ತೋರಿಸುವುದು 10×. ಇನ್ನೂ ಹತ್ತಿರ ಬರುತ್ತದೆ ಅಂತ ಆಸೆ ಹುಟ್ಟಿಸುತ್ತಾರೆ. ಲೆಕ್ಕ ಹಾಕಿ ನೋಡಿ: ಮುಂದಿನ ಲೆನ್ಸಿನ ಅಗಲ 42 ಮಿಲಿಮೀಟರನ್ನು 8ರಿಂದ ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ಕಂಬ 5.25 ಮಿಲಿಮೀಟರ್, 10ರಿಂದ ಭಾಗಿಸಿದರೆ 4.2. ನಡುಮಧ್ಯಾಹ್ನ ಈ ವ್ಯತ್ಯಾಸ ಗೊತ್ತೇ ಆಗುವುದಿಲ್ಲ, ಆಗ ಪಾಪೆಯೇ ಕಿರಿದಾಗಿರುತ್ತದೆ. ಮುಂಜಾನೆ ಮರದಡಿಯ ಮಬ್ಬಿನಲ್ಲಿ ಗೊತ್ತಾಗುತ್ತದೆ. ಜೊತೆಗೆ 8×ರಲ್ಲಿ ಒಮ್ಮೆಗೆ ಕಾಣುವ ಜಾಗ ಅಗಲ. ಎಲೆಗಳ ನಡುವೆ ಜಿಗಿಯುವ ಹೆಬ್ಬೆರಳು ಗಾತ್ರದ ಹಕ್ಕಿಯನ್ನು ಹುಡುಕುವವನಿಗೆ ಅದಕ್ಕಿಂತ ಬೇಕಾದ್ದು ಬೇರಿಲ್ಲ. ಕೈನಡುಕವೂ ಕಡಿಮೆ.

ಇದು ಬರೀ ಲೆಕ್ಕವಲ್ಲ ಅನ್ನಿಸಿದ್ದು ನಂದಿ ಬೆಟ್ಟದಲ್ಲಿ, ಮಾರ್ಚ್ ಕೊನೆಯ ಒಂದು ಬೆಳಿಗ್ಗೆ. ಮಂಜು ಇನ್ನೂ ಪೂರ್ತಿ ಕರಗಿರಲಿಲ್ಲ. ತಗ್ಗಿನ ಕೊಂಬೆಯೊಂದರಿಂದ ನೆಲಕ್ಕಿಳಿದು, ಹುಳು ಕಚ್ಚಿಕೊಂಡು ಮತ್ತೆ ಮೇಲಕ್ಕೆ ಹಾರುತ್ತಿದ್ದ ಒಂದು ಫ್ಲೈಕ್ಯಾಚರ್. ಬಾಲ ಎತ್ತಿದಾಗಲೆಲ್ಲ ಬುಡದ ಎರಡು ಬದಿಯ ಬಿಳಿ ಮಿಂಚುತ್ತಿತ್ತು. ಚಳಿಗಾಲವಿಡೀ ನಮ್ಮಲ್ಲಿರುವ ರೆಡ್ ಬ್ರೆಸ್ಟೆಡ್ ಫ್ಲೈಕ್ಯಾಚರ್‌ಗೂ ಬಾಲ ಹಾಗೇ ಇದೆ, ಅದರ ಗಂಡಿಗೂ ಗಂಟಲು ಕಿತ್ತಳೆ. ಆದರೆ ಇದರ ಬಣ್ಣ ಗಂಟಲಲ್ಲಿ ನಿಲ್ಲದೆ ಎದೆ ದಾಟಿ ಕೆಳಗಿಳಿದಿತ್ತು, ಇಟ್ಟಿಗೆಯಷ್ಟು ಗಾಢ. ಆ ಕೆಂಪಿನ ಎರಡೂ ಅಂಚಿಗೆ ಕಾಡಿಗೆ ಎಳೆದಂಥ ಕಪ್ಪು ಗೆರೆ. ಆ ಗೆರೆ ಕಂಡರೆ ಕಾಶ್ಮೀರ ಫ್ಲೈಕ್ಯಾಚರ್ ಗಂಡು. ನೀಲಗಿರಿ ಮತ್ತು ಶ್ರೀಲಂಕಾದ ಬೆಟ್ಟಗಳಲ್ಲಿ ಚಳಿಗಾಲ ಕಳೆದು, ಹಿಮಾಲಯದ ವಾಯವ್ಯ ಮೂಲೆಗೆ ಮರಿ ಮಾಡಲು ಹೋಗುವಾಗ ನಡುವೆ ಇಳಿದದ್ದು. ಪಕ್ಕದಲ್ಲಿದ್ದ ಗೆಳೆಯರ ಹತ್ತಿರ ಪುಟ್ಟ 10×25 ಇತ್ತು. ಅವರಿಗೆ ಕಂಡದ್ದು ಕಂದು ಹಕ್ಕಿ, ಕೆಂಪೆದೆ, ಅಷ್ಟೇ. ನನ್ನದನ್ನು ಕೊಟ್ಟೆ. "ಅಯ್ಯೋ, ಗೆರೆ ಇದೆ ಕಣ್ರೀ" ಅಂದವರು ವಾಪಸ್ ಕೊಡಲು ಸ್ವಲ್ಪ ತಡ ಮಾಡಿದರು.

ಇಂಥ ಹಕ್ಕಿಯನ್ನು, ಕಂಡ ಹಕ್ಕಿಗಳನ್ನು ದಾಖಲಿಸುವ ಜಾಲತಾಣವಾದ ಇಬರ್ಡ್‌ಗೆ (eBird) ಹಾಕಿದರೆ ಆ ಜಾಗಕ್ಕೆ, ಆ ತಿಂಗಳಿಗೆ ಅಪರೂಪ ಅಂತ ಗುರುತು ಬೀಳುತ್ತದೆ, ವಿವರ ಕೇಳುತ್ತದೆ. ಆಮೇಲೆ ಪರಿಶೀಲಿಸುವವರೊಬ್ಬರು ನೋಡುತ್ತಾರೆ. ಬೈನಾಕ್ಯುಲರ್ ಫೋಟೋ ಕೊಡುವುದಿಲ್ಲ, ಇದು ಕ್ಯಾಮೆರಾದವರ ಮುಂದೆ ನಮ್ಮ ಬಡತನ. ಆದರೆ ಲೆನ್ಸು ಚೆನ್ನಾಗಿದ್ದರೆ ಬರೆಯಲು ಸಾಮಗ್ರಿ ಸಿಗುತ್ತದೆ. ಗಂಟಲ ಬಣ್ಣ ಎಲ್ಲಿ ನಿಂತಿತು, ಅಂಚಿನಲ್ಲಿ ಏನಿತ್ತು, ಬಾಲದ ಬಿಳಿ ಎಷ್ಟು ದೂರ ಬಂದಿತ್ತು: ಇಷ್ಟು ಬರೆದರೆ "ಕೆಂಪೆದೆ ಇತ್ತು" ಅನ್ನುವುದಕ್ಕಿಂತ ತೂಕ ಹೆಚ್ಚು.

ಕರಾವಳಿಯ ಮಾತೇ ಬೇರೆ. ಅಘನಾಶಿನಿ ಅಳಿವೆಯಲ್ಲಿ ಇಳಿತದ ಹೊತ್ತಿಗೆ ಕೆಸರಿನ ಮೇಲೆ ಓಡಾಡುವ ಸಣ್ಣ ಗೊರವಗಳು ಚಳಿಗಾಲದಲ್ಲಿ ಎಲ್ಲಾ ಬೂದು, ಹೊಸಬರಿಗೆ ತಲೆಚಿಟ್ಟು. ಏಪ್ರಿಲ್‌ಗೆ ಅವೇ ಮದುವೆ ಬಟ್ಟೆ ತೊಡುತ್ತವೆ. ಕರ್ಲ್ಯೂ ಸ್ಯಾಂಡ್‌ಪೈಪರ್ ಹೊಟ್ಟೆಯವರೆಗೆ ಕೆಂಪಾಗುತ್ತದೆ. ಮೊದಲು ಲೆಸರ್ ಸ್ಯಾಂಡ್ ಪ್ಲೋವರ್ ಅಂತ ಒಂದೇ ಜಾತಿ ಆಗಿದ್ದದ್ದು ಈಗ ಹಕ್ಕಿಗಳ ಪಟ್ಟಿಯಲ್ಲಿ ಟಿಬೆಟನ್, ಸೈಬೀರಿಯನ್ ಅಂತ ಎರಡು ಜಾತಿ. ಬೂದು ಗರಿಯಲ್ಲಿ ಇವನ್ನು ಬೇರ್ಪಡಿಸಲು ಹೋಗಬೇಡಿ. ಬಣ್ಣ ಬಂದ ಗಂಡಿನಲ್ಲಿ ಮಾತ್ರ ದಾರಿ ಇದೆ: ಟಿಬೆಟನ್‌ಗೆ ಹಣೆ ಬಹುಮಟ್ಟಿಗೆ ಕಪ್ಪು, ಸೈಬೀರಿಯನ್‌ಗೆ ಹಣೆಯಲ್ಲಿ ಬಿಳಿ, ಬಿಳಿ ಗಂಟಲಿಗೂ ಕೆಂಪೆದೆಗೂ ನಡುವೆ ಸಣ್ಣ ಕಪ್ಪು ಗೆರೆ. ನಮ್ಮ ಪಡುಗಡಲಲ್ಲಿ ಕಾಣುವುದು ಹೆಚ್ಚಾಗಿ ಟಿಬೆಟನ್ನೇ. ಹಾಗಾಗಿ ಗುಂಪಿನಲ್ಲಿ ಬಿಳಿ ಹಣೆಯದೊಂದು ಇದೆಯೇ ಅಂತ ಒಂದೊಂದನ್ನೇ ನೋಡುತ್ತಾ ಹೋಗುವುದು ಏಪ್ರಿಲ್‌ನ ಕೆಲಸ. ನನಗೆ ಇನ್ನೂ ಸಿಕ್ಕಿಲ್ಲ.

ಇಲ್ಲಿ 8× ಕೈಕೊಡುತ್ತದೆ. ದೂರದ ದಿಬ್ಬದ ಮೇಲೆ ಕೂತ ಪ್ಲೋವರ್‌ನ ಹಣೆ ಇದರಲ್ಲಿ ತೀರ್ಮಾನವಾಗದು. ಹಾಗಂತ 10×ನಿಂದಲೂ ಆಗದು. ಬಿಸಿಲೇರಿದ ಮೇಲೆ ಕೆಸರಿನಿಂದ ಏಳುವ ಝಳವನ್ನೂ ಅದು ದೊಡ್ಡದು ಮಾಡಿ ತೋರಿಸುತ್ತದೆ. ಬೇಕಾದದ್ದು ಸ್ಟ್ಯಾಂಡ್ ಮೇಲಿಟ್ಟು ಒಂದೇ ಕಣ್ಣಲ್ಲಿ ನೋಡುವ ದೂರದರ್ಶಕ, ಅಂದರೆ ಸ್ಪಾಟಿಂಗ್ ಸ್ಕೋಪು, ಮತ್ತು ಬೇಗ ಏಳುವ ಅಭ್ಯಾಸ. ಗದಗ ಜಿಲ್ಲೆಯ ಮಾಗಡಿ ಕೆರೆಯಲ್ಲೂ ಇದೇ ಕಥೆ. ಹೊರಡುವ ಮುಂಚೆ ಪಟ್ಟೆತಲೆ ಹೆಬ್ಬಾತುಗಳ ಹಿಂಡು ಸಂಜೆ ಹೊಲಗಳ ಕಡೆ ಏಳುವುದನ್ನು ನೋಡಲು ಈ ಬೈನಾಕ್ಯುಲರ್ ಧಾರಾಳ. ಯಾವುದಾದರೂ ಬಾತಿನ ಕೊರಳಲ್ಲಿ ಮಂಗೋಲಿಯಾದ ಸಂಶೋಧಕರು ತೊಡಿಸಿದ ಪಟ್ಟಿ ಕಂಡರೆ, ಅದರ ಮೇಲಿನ ಅಕ್ಷರ ಓದಲು ಏರಿಯ ಮೇಲೆ ಸ್ಕೋಪ್ ಇಟ್ಟವರ ಹಿಂದೆ ಸಾಲು ನಿಲ್ಲುವುದೇ ಗತಿ.

ಇನ್ನು ದೂರುಗಳು. ಎರಡು ಕಣ್ಣುಗಳ ನೋಟದ ವ್ಯತ್ಯಾಸ ಸರಿಹೊಂದಿಸುವ ಬಲಗಣ್ಣಿನ ಡಯಾಪ್ಟರ್ ಉಂಗುರ ಎರಡನೇ ವರ್ಷಕ್ಕೇ ಸಡಿಲವಾಯಿತು. ಚೀಲದಲ್ಲಿಟ್ಟು ತೆಗೆದರೆ ತಿರುಗಿಕೊಂಡಿರುತ್ತದೆ. ಹಕ್ಕಿ ಎದುರಿಗಿದ್ದಾಗ ಒಂದು ಕಣ್ಣಿಗೆ ಮಸುಕು, ಮೈಯೆಲ್ಲಾ ಉರಿಯುತ್ತದೆ. ವಾರಂಟಿ ಕಾರ್ಡಿನಲ್ಲಿ ಜೀವಮಾನ ಅಂತ ಅಚ್ಚಾಗಿದೆ. ವಿಚಾರಿಸಿದರೆ ವಿದೇಶಕ್ಕೆ ಕಳಿಸಿ, ಹೋಗಿಬರುವ ಖರ್ಚು ನಿಮ್ಮದೇ ಅಂದರು. ನನ್ನ ಅಳತೆಗೆ ಉಂಗುರ ನಿಲ್ಲಿಸಿ ಮೇಲೆ ಕರೆಂಟ್ ಟೇಪ್ ಸುತ್ತಿದ್ದೇನೆ, ಅಲ್ಲಿಗೆ ಮುಗಿಯಿತು. ಬಿಳಿ ಆಕಾಶದ ಎದುರು ಕೂತ ಗಿಡುಗದ ಅಂಚಿನಲ್ಲಿ ನೇರಳೆ ಬಣ್ಣ ಜಿನುಗುತ್ತದೆ. ಹೀಗೆ ಬಣ್ಣ ಚದುರುವುದನ್ನು ತಗ್ಗಿಸುವ ED ಅನ್ನುವ ವಿಶೇಷ ಗಾಜಿನವುಗಳಲ್ಲಿ ಇದು ಕಡಿಮೆ, ಬೆಲೆ ಜಾಸ್ತಿ. ಜೊತೆಗೆ ಬಂದ ಕುತ್ತಿಗೆ ಪಟ್ಟಿಯನ್ನು ಮೊದಲ ತಿಂಗಳೇ ಬಿಸಾಕಿ, ಭುಜದ ಮೇಲೆ ಭಾರ ಹಂಚುವ ಹಾರ್ನೆಸ್ ಹಾಕಿಕೊಂಡೆ. ಮುಕ್ಕಾಲು ಕಿಲೋ ಹತ್ತಿರದ ತೂಕ ಕುತ್ತಿಗೆಗೆ ಜೋತುಬಿದ್ದರೆ ಹತ್ತು ಗಂಟೆ ಹೊತ್ತಿಗೆ ಹಕ್ಕಿ ಬೇಡ, ಕಾಫಿ ಸಾಕು ಅನ್ನಿಸುತ್ತದೆ.

ಒಳಗೆ ನೈಟ್ರೋಜನ್ ತುಂಬಿರುವುದರಿಂದ ಮಲೆನಾಡ ಮಳೆಗೂ ಒಳಗಡೆ ಮಂಜು ಕಟ್ಟಿಲ್ಲ. ಆದರೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡುತ್ತೇನೆ. ಬಟ್ಟೆ ಬೀರುವಿನಲ್ಲಿಟ್ಟು ಫಂಗಸ್ ಬರಿಸಿಕೊಂಡವರನ್ನು ಬೇಕಾದಷ್ಟು ನೋಡಿದ್ದೇನೆ.

ಕನ್ನಡಕದವರು ಕಣ್ಣಿಗೂ ಗಾಜಿಗೂ ಇರುವ ಅಂತರ, ಅಂದರೆ ಐ ರಿಲೀಫ್, 16 ಮಿಲಿಮೀಟರ್‌ಗಿಂತ ಹೆಚ್ಚಿದೆಯೇ ನೋಡಿಕೊಳ್ಳಿ, ಇಲ್ಲದಿದ್ದರೆ ಸುತ್ತ ಕಪ್ಪು ಉಂಗುರವೇ ಕಾಣುತ್ತದೆ. ಕೆಂಪು ಲೆನ್ಸಿನದು, 10ರಿಂದ 30ಕ್ಕೆ ಜೂಮ್ ಆಗುವುದು, ಇವೆರಡರ ಹತ್ತಿರ ಹೋಗಲೇಬೇಡಿ. ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ ದೊಡ್ಡ ಲೆನ್ಸಿನ ಕಡೆಯಿಂದ ಮೊಬೈಲ್ ಟಾರ್ಚ್ ಬಿಟ್ಟು ಒಳಗೆ ಜೇಡರ ಬಲೆಯಂಥದ್ದು ಇದೆಯೇ ನೋಡಿ, ಆಮೇಲೆ ದೂರದ ಕರೆಂಟ್ ಕಂಬವನ್ನು ಐದು ನಿಮಿಷ ಬಿಡದೆ ನೋಡಿ. ಕಂಬ ಎರಡಾಗಿ ಕಂಡರೆ, ಇಲ್ಲವೇ ಕಣ್ಣು ಎಳೆದಂತಾದರೆ, ಎಲ್ಲೋ ಬಿದ್ದು ಒಳಗಿನ ಪ್ರಿಸಂ ಜರುಗಿದೆ. ಅರ್ಧ ಬೆಲೆಗೆ ಕೊಟ್ಟರೂ ಬೇಡ.