ಎಸ್‌ಎಂಎಸ್, ವಾಟ್ಸ್‌ಆ್ಯಪ್, ಇಮೇಲ್: ಸಣ್ಣ ವ್ಯಾಪಾರಕ್ಕೆ ಯಾವುದು?

ಬಂಡವಾಳ ಕಡಿಮೆ, ಗ್ರಾಹಕರು ಕೆಲವೇ ನೂರು ಎಂದಾದರೆ ವಾಟ್ಸ್‌ಆ್ಯಪ್ ಬಿಸಿನೆಸ್ ಆ್ಯಪ್‌ನಿಂದಲೇ ಆರಂಭಿಸಿ ಎನ್ನುತ್ತೇನೆ. ಅದು ಉಚಿತ, ಸರಕಿನ ಚಿತ್ರವನ್ನೂ ಬೆಲೆಯನ್ನೂ ತೋರಿಸಬಹುದು, ಗ್ರಾಹಕರು ಅಲ್ಲಿಯೇ ಪ್ರಶ್ನೆ ಕೇಳಬಹುದು. ಒಂದು ತೊಡಕಿದೆ: ಹಲವರಿಗೆ ಒಮ್ಮೆಗೇ ಸಂದೇಶ ಕಳಿಸುವ ಬ್ರಾಡ್‌ಕಾಸ್ಟ್ ಪಟ್ಟಿಯ ಸಂದೇಶ ನಿಮ್ಮ ಸಂಖ್ಯೆಯನ್ನು ಉಳಿಸಿಕೊಂಡವರಿಗೆ ಮಾತ್ರ ತಲುಪುತ್ತದೆ. ಮೊದಲ ಖರೀದಿಯ ಹೊತ್ತಿಗೇ ಉಳಿಸಿಕೊಳ್ಳುವಂತೆ ಕೇಳಿಕೊಳ್ಳಿ.

ಎಸ್‌ಎಂಎಸ್‌ಗೆ ಇಂಟರ್ನೆಟ್ ಬೇಡ, ಸಾದಾ ಫೋನಿಗೂ ಹೋಗುತ್ತದೆ. ಆದರೆ ಪ್ರತಿ ಸಂದೇಶಕ್ಕೂ ದುಡ್ಡು. ಇಂಗ್ಲಿಷ್‌ನ 160 ಅಕ್ಷರ ಹಿಡಿಸುವ ಜಾಗದಲ್ಲಿ ಕನ್ನಡಕ್ಕೆ ಸಿಗುವುದು 70 ಮಾತ್ರ. ಅದರಲ್ಲೂ ಕಾಗುಣಿತದ ಚಿಹ್ನೆಗಳು ಬೇರೆಯಾಗಿಯೇ ಲೆಕ್ಕಕ್ಕೆ ಸೇರುತ್ತವೆ. ನನಗೆ ನಿಜಕ್ಕೂ ಬೇಸರದ ಸಂಗತಿ ಇದು. ‘ನಿಮ್ಮ ವಸ್ತು ಸಿದ್ಧವಾಗಿದೆ’ ಎಂಬಂಥ ತುರ್ತು ಮಾತಿಗೆ ಎಸ್‌ಎಂಎಸ್ ಮೀಸಲಿಡಿ.

ಇಮೇಲ್ ಅಗ್ಗ. ಬಿಲ್ಲು, ವಿವರವಾದ ಪತ್ರಗಳಿಗೆ ಅನುಕೂಲ, ಅವಸರದ ಸುದ್ದಿಗಲ್ಲ.