ನಾಲ್ಕು ಅಳತೆಯ ಕವರ್ ಬ್ಲಾಕ್: ನಾಲ್ಕು ಮಳೆಗಾಲ ಕಂಡ ಮೇಲೆ

ಕಂಬಿಯಿಂದ ಕಾಂಕ್ರೀಟಿನ ಹೊರಮೈವರೆಗಿನ ದಪ್ಪವೇ ಕವರ್. ಅದನ್ನು ಕಾಯೋಕೆ ಕಂಬಿಯ ಅಡಿಗೆ, ಸೆಂಟ್ರಿಂಗ್ ಶೀಟಿನ (ಕಾಂಕ್ರೀಟ್ ಸುರಿಯುವ ಅಚ್ಚಿನ ತಳ) ಮೇಲೆ ಇಡೋದು ಈ ಒಂದೇ ಕಾಂಕ್ರೀಟ್ ತುಂಡು. ಮಗುಚಿದ ಹಾಗೆಲ್ಲ 20, 25, 30, 40 ಎಂಎಂ. ಅಂಗಡಿಯವರು ಇದನ್ನೇ ದೊಡ್ಡ ಗುಣ ಅಂತ ಮಾರ್ತಾರೆ, ಸೈಟಿನಲ್ಲಿ ಇದೇ ತಲೆನೋವು. ಅಂಕಿ ಪಕ್ಕದಲ್ಲೆಲ್ಲೋ ಸಣ್ಣದಾಗಿ ಅಚ್ಚಾಗಿರುತ್ತೆ, ಸಿಮೆಂಟ್ ಧೂಳು ಕೂತರೆ ಅದೂ ಕಾಣಲ್ಲ. ಕಂಬಿ ಕಟ್ಟುವವರು ಕೈಗೆ ಬಂದ ಮುಖ ಕೆಳಗೆ ಮಾಡಿ ತೂರಿಸಿ ಮುಂದೆ ಹೋಗ್ತಾರೆ.

5 ಇಂಚು, ಅಂದ್ರೆ 125 ಎಂಎಂ ಸ್ಲ್ಯಾಬಿಗೆ 10 ಎಂಎಂ ಕಂಬಿ, 20 ಕವರ್ ಅಂದ್ಕೊಳ್ಳಿ. ಕಂಬಿಯ ನಡುವಿನಿಂದ ಸ್ಲ್ಯಾಬಿನ ಮೇಲ್ಮೈಗೆ 100 ಎಂಎಂ ಸಿಗುತ್ತೆ. 40ರ ಮುಖ ಇಟ್ಟರೆ 80. ಕವರ್ ಜಾಸ್ತಿ ಆದ್ರೆ ಒಳ್ಳೇದೇ ಅಲ್ವಾ ಅನ್ನೋ ಮೇಸ್ತ್ರಿಗಳಿದ್ದಾರೆ. ಅದೇ ಕಂಬಿ, ಅದೇ ಸಿಮೆಂಟಿನಲ್ಲಿ ಭಾರ ತಡೆಯುವ ಶಕ್ತಿ ಸುಮಾರು ಐದರಲ್ಲೊಂದು ಪಾಲು ಹೋಯ್ತು! ಕಾಂಕ್ರೀಟ್ ಕೆಲಸದ ಭಾರತೀಯ ಮಾನಕ ಐಎಸ್ 456 ಬಿಡೋದು 10 ಎಂಎಂ ಹೆಚ್ಚಿಗೆ ಮಾತ್ರ, ಕಡಿಮೆಗೆ ಏನೂ ಬಿಡಲ್ಲ.

ಹಾಗಾಗಿ ಮೂಟೆ ಬಿಚ್ಚಿದ ಕೂಡಲೇ ಬೇಕಾದ ಮುಖಕ್ಕೆ ಕೆಂಪು ಪೇಂಟ್ ಬಳಿಯಿರಿ, ಕೆಂಪು ಸೆಂಟ್ರಿಂಗ್ ಶೀಟಿಗೆ ತಾಗಬೇಕು. ಕಾಂಕ್ರೀಟ್ ಹಾಕುವ ದಿನ ಬೆಳಿಗ್ಗೆ, ಮಿಕ್ಸರ್ ಶುರುವಾಗುವ ಮೊದಲು, 20 ಎಂಎಂ ಕಂಬಿಯ ಗೇಣುದ್ದದ ತುಂಡೊಂದನ್ನು ಹಿಡಿದು ಸ್ಲ್ಯಾಬ್ ಪೂರ್ತಿ ಒಂದು ಸುತ್ತು. ಕಂಬಿಯ ಅಡಿಗೆ ತುಂಡು ಸರಕ್ಕನೆ ಹೋಗಿ, ಮೇಲೆ ಅಲುಗಾಟ ಉಳಿಯದಿದ್ದರೆ ಸರಿ. ನುಗ್ಗದಿದ್ದರೆ ಅಲ್ಲಿ ಕಂಬಿ ತಗ್ಗಿದೆ. ಗಲಗಲ ಅಂದ್ರೆ ಮುಖ ತಪ್ಪಿದೆ. ಬಗ್ಗಿ ಬಗ್ಗಿ ಸೊಂಟ ಹಿಡಿಯುತ್ತೆ ನಿಜ, ಆದ್ರೆ ಆ 'ಸರಕ್' ಕೇಳಿದ್ರೆ ಒಂಥರಾ ನೆಮ್ಮದಿ.

ಇಷ್ಟೆಲ್ಲ ಬೈದರೂ ಪ್ಲಾಸ್ಟಿಕ್ಕಿಗೆ ಹಿಂತಿರುಗಲ್ಲ. ಅದು ಬಾಂಡ್ಲಿ ಹೊತ್ತವರ ಕಾಲಿಗೆ ಸಿಕ್ಕರೆ ಮಗುಚಿಕೊಳ್ಳುತ್ತೆ, ಕಾಂಕ್ರೀಟಿನ ಜೊತೆ ಬೆಸೆಯೋದೂ ಇಲ್ಲ. ಜೂನಿನಿಂದ ಜಡಿಮಳೆ ಹೊಡೆಯುವ ಮಡಿಕೇರಿ ಕಡೆ ಸಜ್ಜದ ಅಡಿಯಲ್ಲಿ ಅಂಥ ಸಂದು ನೀರಿಗೆ ದಾರಿ. ಜಲ್ಲಿ, ಟೈಲ್ಸ್ ಚೂರು ಇಡುವವರ ಬಗ್ಗೆ ಹೇಳೋದೇ ಬೇಡ, ಕಾಂಕ್ರೀಟ್ ಅದುರಿಸಿ ಕೂರಿಸುವ ವೈಬ್ರೇಟರ್ ತಾಗಿದರೆ ಜಾರಿ ಹೋಗುತ್ತೆ. ಈ ತುಂಡಿನಲ್ಲಿ ತಂತಿ ಹುದುಗಿರೋದ್ರಿಂದ ಕಂಬಿಗೆ ಎರಡು ಸುತ್ತು ಬಿಗಿದರೆ ಅಲುಗಲ್ಲ. ತಂತಿ ಇಲ್ಲದ ಮಾಲು ಕೊಂಡ್ಕೋಬೇಡಿ. 8 ಎಂಎಂ ಕಂಬಿಗೆ ಮುಕ್ಕಾಲು ಮೀಟರಿಗೊಂದು ಇಟ್ಟರೆ ಸಾವಿರ ಚದರಡಿಗೆ 165 ಬೇಕು. ಒಡೆದದ್ದು, ಬೀಮಿಗೆ ಹೋದದ್ದು ಸೇರಿಸಿ 200 ತರಿಸಿ. ಸೆಂಟ್ರಿಂಗ್ ಕೂಲಿಯ ಮುಂದೆ ಈ ಖರ್ಚು ಲೆಕ್ಕಕ್ಕಿಲ್ಲ.

ಸಜ್ಜಕ್ಕೆ ಮಾತ್ರ ಇದರಿಂದ ಅರ್ಧ ಕೆಲಸ. ಮಳೆ ತಾಗುವ ಕಾಂಕ್ರೀಟಿಗೆ 30, ತೀವ್ರ ಮಳೆಗೆ ಒಡ್ಡಿದ್ದಾದರೆ 45 ಕವರ್ ಬೇಕು. 45 ಈ ತುಂಡಿನಲ್ಲಿ ಸಿಗಲ್ಲ. ಮುಖ್ಯ ಕಂಬಿ ಅಲ್ಲಿ ಮೇಲಿರುತ್ತೆ, ಯಾರೋ ತುಳಿದು ತಗ್ಗಿಸಿದರೆ ಸಜ್ಜ ಬುಡದಲ್ಲೇ ಬಿರುಕು ಬಿಡುತ್ತೆ. ಅದಕ್ಕೆ ಚೇರ್, ಅಂದ್ರೆ ಮೇಲ್ಕಂಬಿಯನ್ನು ಎತ್ತಿ ಹಿಡಿಯುವ ಬಗ್ಗಿಸಿದ ಕಂಬಿ, ಬೇಕು, ಉಳಿದ 10 ಎಂಎಂ ಕಂಬಿಯ ತುಂಡಲ್ಲೇ ಬಗ್ಗಿಸಬಹುದು. ಸ್ಲ್ಯಾಬಿನ ಒಳಗೆ ಗೋಡೆ ಪಕ್ಕದ ಮೇಲ್ಕಂಬಿಗೂ ಅದೇ. 125 ಎಂಎಂ ಸ್ಲ್ಯಾಬ್, ಮೇಲೆ ಕೆಳಗೆ 20 ಕವರ್, ಎರಡೂ ಕಡೆ 8ರ ಕಂಬಿ ಎರಡು ಪದರ ಇದ್ದರೆ ಚೇರಿನ ಎತ್ತರ ಸುಮಾರು 53 ಎಂಎಂ. ಕಾಲು ಕೆಳಗಿನ ಕಂಬಿಯ ಮೇಲೆ ಕೂರಬೇಕು, ಶೀಟಿಗೆ ತಾಗಿದರೆ ಎರಡೇ ಮಳೆಗಾಲಕ್ಕೆ ಚಾವಣಿಯಲ್ಲಿ ತುಕ್ಕಿನ ಬೊಟ್ಟು.

ಐದಕ್ಕೆ ಮೂರೂವರೆ. ಬರೀ 20ರದ್ದೇ ತಂತಿ ಸಮೇತ ಕುಶಾಲನಗರದಲ್ಲಿ ಯಾರಾದ್ರೂ ಮಾರ್ತಿದ್ರೆ ತಿಳಿಸಿ.