ಪ್ರವೇಶಪತ್ರದಲ್ಲಿ ಮಾರ್ಗದರ್ಶಕರ ಹೆಸರಿದೆಯೇ, ಮೊದಲು ನೋಡಿ

ಶಿಕ್ಷಣಶಾಸ್ತ್ರದಲ್ಲಿ ಪಿಎಚ್.ಡಿ.ಗೆ ಅರ್ಜಿ ಹಾಕುವವರು ಅರ್ಹತೆಯ ಷರತ್ತುಗಳನ್ನು ಒಂದಕ್ಷರವೂ ಬಿಡದೆ ಓದುತ್ತಾರೆ, ನಾನೂ ಓದಿದ್ದೆ. ಸ್ನಾತಕೋತ್ತರ ಪದವಿಯ ಅಂಕಗಳು, ಸಂಶೋಧನಾ ಪ್ರಸ್ತಾವ, ಶಿಫಾರಸು ಪತ್ರಗಳು, 2 ವರ್ಷ ಮಾತ್ರ ಊರ್ಜಿತವಾಗಿರುವ ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯ ಫಲಿತಾಂಶ ಎಲ್ಲವೂ ಸರಿಯಾಗಿದ್ದವು. ನಾನು ಗಮನಿಸದೆ ಹೋದದ್ದು ಪ್ರವೇಶಪತ್ರದ ಎರಡನೇ ಪುಟದಲ್ಲಿದ್ದ ಒಂದು ವಾಕ್ಯವನ್ನು: ‘ಮಾರ್ಗದರ್ಶಕರನ್ನು ನೋಂದಣಿಯ ನಂತರ ವಿಭಾಗವು ನಿಗದಿಪಡಿಸುತ್ತದೆ.’

ಒಂದನೇ ತರಗತಿಯ ಮಕ್ಕಳು ಓದಲು ಕಲಿಯುವ ಬಗೆಯನ್ನು ಒಂದೇ ಶಾಲೆಯಲ್ಲಿ ವರ್ಷವಿಡೀ ಕುಳಿತು ಗಮನಿಸಬೇಕೆಂಬುದು ನನ್ನ ಪ್ರಸ್ತಾವವಾಗಿತ್ತು. ಅರ್ಜಿಗೆ ಮೊದಲೇ ಒಬ್ಬ ಪ್ರಾಧ್ಯಾಪಕರೊಂದಿಗೆ ನಾಲ್ಕು ತಿಂಗಳು ಇಮೇಲ್‌ನಲ್ಲಿ ಚರ್ಚಿಸಿ, ಅವರ ಸಲಹೆಯಂತೆ ಅದನ್ನು ಎರಡು ಬಾರಿ ತಿದ್ದಿ ಬರೆದಿದ್ದೆ. ಅವರೇ ಮಾರ್ಗದರ್ಶಕರಾಗುತ್ತಾರೆಂದು ನಂಬಿದ್ದೆ; ಆದರೆ ಆ ಪತ್ರಗಳ ಯಾವ ಸಾಲಿನಲ್ಲೂ ಅವರು ಹಾಗೆ ಒಪ್ಪಿಕೊಂಡಿರಲಿಲ್ಲ. ನೋಂದಣಿಯಾದ ಮೂರನೇ ವಾರ ಅವರು ದೀರ್ಘ ರಜೆಯಲ್ಲಿದ್ದಾರೆಂದೂ ಹೊಸ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುವುದಿಲ್ಲವೆಂದೂ ತಿಳಿಯಿತು. ನನಗೆ ನಿಗದಿಯಾದವರು, ನಾನಾ ದೇಶಗಳ ನಾಲ್ಕನೇ ತರಗತಿ ಮಕ್ಕಳ ಓದಿನ ಸಾಮರ್ಥ್ಯವನ್ನು 2001ರಿಂದ 5 ವರ್ಷಕ್ಕೊಮ್ಮೆ ಅಳೆಯುವ ಪರ್ಲ್ಸ್ ಸಮೀಕ್ಷೆಯ ಅಂಕಿಅಂಶಗಳ ಮೇಲೆ ಕೆಲಸ ಮಾಡುವವರು. ಇಬ್ಬರ ವಿಷಯದಲ್ಲೂ ‘ಓದು’ ಎಂಬ ಪದವಿತ್ತು. ವಿಭಾಗವು ಅದನ್ನಷ್ಟೇ ನೋಡಿತ್ತು, ಸಂಶೋಧನಾ ವಿಧಾನವನ್ನು ನೋಡಿರಲಿಲ್ಲ.

ತರಗತಿಯ ಅವಲೋಕನಕ್ಕೆ ಮಾರ್ಗದರ್ಶನ ಮಾಡುವ ಅನುಭವ ತಮಗಿಲ್ಲವೆಂದು ಅವರು ಮೊದಲ ಭೇಟಿಯಲ್ಲೇ ಹೇಳಿದರು. ಆ ಪ್ರಾಮಾಣಿಕತೆಗೆ ನಾನು ಇಂದಿಗೂ ಕೃತಜ್ಞಳು. ಆದರೂ ಮಾರ್ಗದರ್ಶಕರ ಬದಲಾವಣೆಗೆ ಕೊಟ್ಟ ಅರ್ಜಿ ತೀರ್ಮಾನವಾಗಲು ಎಂಟು ತಿಂಗಳು ಹಿಡಿಯಿತು. ಮಕ್ಕಳ ನಡುವೆ ನಡೆಸುವ ಅಧ್ಯಯನಕ್ಕೆ ನೈತಿಕ ಪರಿಶೀಲನಾ ಸಮಿತಿಯ ಒಪ್ಪಿಗೆ ಬೇಕಿತ್ತು, ಆ ಅರ್ಜಿಗೆ ಮಾರ್ಗದರ್ಶಕರ ಸಹಿ ಬೇಕಿತ್ತು. ಸಹಿ ಹಾಕಬೇಕಾದವರು ಯಾರೆಂಬುದೇ ಇತ್ಯರ್ಥವಾಗದಿರುವಾಗ ಶಾಲಾ ವರ್ಷ ಆರಂಭವಾಗಿ ಬಹುದೂರ ಸಾಗಿತ್ತು. ಮಗುವೊಂದು ಅಕ್ಷರ ಕೂಡಿಸಿ ಮೊದಲ ಪದವನ್ನು ಓದುವ ದಿನಗಳು ಕಳೆದುಹೋದರೆ, ಅವನ್ನು ನೋಡಲು ಮುಂದಿನ ವರ್ಷದ ಮಕ್ಕಳು ಬರುವವರೆಗೆ ಕಾಯದೆ ಬೇರೆ ದಾರಿಯಿಲ್ಲ. ನಾನು ಕಾದೆ, ಆದರೆ ವಿದ್ಯಾರ್ಥಿವೇತನದ ಅವಧಿಯನ್ನು ಯಾರೂ ವಿಸ್ತರಿಸಲಿಲ್ಲ.

ಬ್ರಿಟನ್ನಿನ ಹಲವು ವಿಶ್ವವಿದ್ಯಾಲಯಗಳಲ್ಲಿ ಪ್ರಸ್ತಾವದ ಜೊತೆಗೇ ಮಾರ್ಗದರ್ಶಕರ ಹೆಸರನ್ನೂ ಸೂಚಿಸಬೇಕಾಗುತ್ತದೆ. ಅಮೆರಿಕದಲ್ಲಿ ಸಾಮಾನ್ಯವಾಗಿ ಮೊದಲು ಕೋರ್ಸ್‌ವರ್ಕ್ ನಡೆದು, ಪ್ರಬಂಧಕ್ಕೆ ಮಾರ್ಗದರ್ಶನ ಮಾಡುವ ಸಮಿತಿ ಆಮೇಲೆ ರೂಪುಗೊಳ್ಳುತ್ತದೆ. ಎರಡೂ ಪದ್ಧತಿಗಳಲ್ಲಿ ಒಳ್ಳೆಯ ಪ್ರಬಂಧಗಳು ಬಂದಿವೆ. ನೀವು ಸೇರುವ ಕಡೆ ಯಾವ ಪದ್ಧತಿಯಿದೆ ಎಂಬುದನ್ನು ಸೀಟು ಒಪ್ಪಿಕೊಳ್ಳುವ ಮೊದಲೇ ಕೇಳಿ. ನೀವು ಬಯಸಿದ ಮಾರ್ಗದರ್ಶಕರ ಬಳಿ ಈಗ ಎಷ್ಟು ಮಂದಿ ಇದ್ದಾರೆ, ಅವರ ನಿವೃತ್ತಿ ಅಥವಾ ದೀರ್ಘ ರಜೆ ನಿಮ್ಮ ಅವಧಿಯಲ್ಲಿ ಬರುತ್ತದೆಯೇ, ಸಹಮಾರ್ಗದರ್ಶಕರು ಯಾರು, ಬದಲಾವಣೆ ಬೇಕಾದರೆ ಎಷ್ಟು ಸಮಯ ಹಿಡಿಯುತ್ತದೆ ಎಂದು ಸಂಕೋಚಪಡದೆ ವಿಚಾರಿಸಿ. ಅವರ ಈಗಿನ ವಿದ್ಯಾರ್ಥಿಯೊಬ್ಬರನ್ನಾದರೂ ಮಾತನಾಡಿಸಿ. ಉತ್ತರ ಬಾಯಿಮಾತಿನಲ್ಲಿ ಬಂದರೆ ಅದನ್ನೇ ಬರೆದು ವಿಭಾಗದ ಮುಖ್ಯಸ್ಥರಿಗೆ ಇಮೇಲ್ ಮಾಡಿ, ಅವರು ಹೌದೆಂದು ಮರಳಿ ಬರೆದ ಮೇಲೆಯೇ ಶುಲ್ಕ ಕಟ್ಟಿ.